ನಿಪ್ಪಲ್ಲಿಗೆ ಗ್ರೀಸ್ ಹೊಡೆದರೆ ಬೇರಿಂಗ್ ನೋಡಿದಂತಾಯಿತೇ?

"ವರ್ಷಕ್ಕೊಂದು ಸಲ ನಿಪ್ಪಲ್ಲಿಗೆ ಗನ್ ಹಚ್ಚಿ ನಾಲ್ಕು ಸಲ ಗ್ರೀಸ್ ಒತ್ತಿ. ಅಷ್ಟೇ. ಚಕ್ರ ಬಿಚ್ಚುವ ಉಸಾಬರಿಗೇ ಹೋಗಬೇಡಿ."

ಅಮೆರಿಕದಲ್ಲಿ ಟ್ರಾವೆಲ್ ಟ್ರೇಲರ್ ಇಟ್ಟುಕೊಂಡವರ ಬಳಿ ಬೇರಿಂಗಿನ ಮಾತು ತೆಗೆದರೆ ಸಾಕು, ಈ ಉಪದೇಶ ಪುಕ್ಕಟೆಯಾಗಿ ಸಿಗುತ್ತದೆ. ಟ್ರೇಲರ್ ಮಾರುವವನು ಹೇಳುತ್ತಾನೆ. ಕ್ಯಾಂಪ್‌ಗ್ರೌಂಡಿನಲ್ಲಿ ಪಕ್ಕದ ಜಾಗ ಹಿಡಿದ ಹಿರಿಯರು ಕಾಫಿ ಲೋಟ ಹಿಡಿದು ಬಂದು ಹೇಳುತ್ತಾರೆ. ಕೋವಿಡ್ ನಂತರ ಟ್ರೇಲರ್ ಕೊಂಡ ನಮ್ಮ ಕನ್ನಡಿಗರೂ ಈಗ ಹೊಸಬರಿಗೆ ಇದನ್ನೇ ಒಪ್ಪಿಸುತ್ತಿದ್ದಾರೆ. ಹೇಳುವವರ ದನಿಯಲ್ಲಿ ಅನುಮಾನದ ಎಳೆಯೂ ಇರುವುದಿಲ್ಲ. ಆಕ್ಸಲ್ಲಿನ ತುದಿಯಲ್ಲಿ ಕಂಪನಿಯವರೇ ಗ್ರೀಸ್ ಒತ್ತಲು ನಿಪ್ಪಲ್ ಇಟ್ಟಿದ್ದಾರಲ್ಲ, ಮತ್ತೇಕೆ ಚಿಂತೆ? ಹೆದ್ದಾರಿಯ ಅಂಚಿನಲ್ಲಿ ಹೊಗೆಯಾಡುತ್ತ ನಿಲ್ಲುವ ಎಷ್ಟೋ ಚಕ್ರಗಳ ಹಿಂದೆ ಇರುವುದು ಈ ಸುಲಭದ ನಂಬಿಕೆಯೇ ಎಂಬುದು ನನ್ನ ವಾದ. ಗ್ರೀಸ್ ಹೊಡೆಯುವುದು ಒಂದು ಕೆಲಸ, ಬೇರಿಂಗ್ ನೋಡುವುದು ಇನ್ನೊಂದು. ಮೊದಲನೆಯದನ್ನು ಮಾಡಿ ಎರಡನೆಯದೂ ಆಯಿತೆಂದು ಸಮಾಧಾನಪಟ್ಟುಕೊಳ್ಳುವವರೇ ಇವತ್ತು ಬಹುಮತದಲ್ಲಿದ್ದಾರೆ.

ಊರಿನಲ್ಲಿ ಕುಳಿತು ಓದುವವರಿಗೆ ಎರಡು ಮಾತು. ಟ್ರಾವೆಲ್ ಟ್ರೇಲರ್ ಎಂದರೆ ಕಾರು ಅಥವಾ ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಹೋಗುವ ಮನೆ. ಒಳಗೆ ಹಾಸಿಗೆ, ಒಲೆ, ಫ್ರಿಜ್, ಬಚ್ಚಲು ಎಲ್ಲ ಉಂಟು. ಇಂಜಿನ್ ಮಾತ್ರ ಇಲ್ಲ. ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ ಇವುಗಳಲ್ಲಿ ಬಹುಪಾಲು ತಯಾರಾಗುತ್ತವೆ. ಕೋವಿಡ್ ಕಾಲದಲ್ಲಿ ವಿಮಾನವೂ ಬೇಡ, ಹೋಟೆಲೂ ಬೇಡ ಎಂದಾಗ ಜನ ಇವುಗಳ ಮೇಲೆ ಮುಗಿಬಿದ್ದರು. 2021ರಲ್ಲಿ ಕಾರ್ಖಾನೆಗಳಿಂದ ಹೊರಬಿದ್ದ ಇಂಥ ಮನೆಗಾಡಿಗಳು, ಎಲ್ಲ ಬಗೆಯವೂ ಸೇರಿ, 6 ಲಕ್ಷ ದಾಟಿದವು. ಆ ಗಾಡಿಗಳೇ ಈಗ ಕೈ ಬದಲಾಯಿಸುತ್ತಿವೆ. ಊರಿಂದ ಬಂದ ಅಪ್ಪ ಅಮ್ಮನನ್ನು ಯೊಸೆಮಿಟಿಗೋ ಯೆಲ್ಲೋಸ್ಟೋನಿಗೋ ಕರೆದೊಯ್ಯಲು ಹೋಟೆಲಿಗಿಂತ ಇದೇ ವಾಸಿ, ಅನ್ನ ಸಾರು ಮಾಡಿಕೊಳ್ಳಬಹುದು ಎಂದು ಸೆಕೆಂಡ್ ಹ್ಯಾಂಡ್ ಟ್ರೇಲರ್ ಕೊಳ್ಳುವ ನಮ್ಮವರು ಕಡಿಮೆಯಿಲ್ಲ. ಹಾಗಾಗಿ ಈ ಜಗಳ ನಮ್ಮ ಮನೆಯದೂ ಹೌದು.

ಮೊದಲು ಚಕ್ರದೊಳಗೆ ಏನಿದೆ ನೋಡೋಣ. ಟ್ರೇಲರಿನ ಆಕ್ಸಲ್ ತಿರುಗುವುದಿಲ್ಲ. ಅದರ ತುದಿಯ ಸ್ಪಿಂಡಲ್ ನಿಂತಲ್ಲೇ ನಿಂತಿರುತ್ತದೆ. ಅದರ ಮೇಲೆ ಎರಡು ಟೇಪರ್ ರೋಲರ್ ಬೇರಿಂಗುಗಳ ಆಸರೆಯಲ್ಲಿ ಹಬ್, ಅಂದರೆ ಚಕ್ರದ ಗುಂಬ, ತಿರುಗುತ್ತದೆ. ಒಳಗಿನದು ದೊಡ್ಡದು, ಹೊರಗಿನದು ಚಿಕ್ಕದು. ರೋಲರುಗಳು ಒಂದು ತುದಿಗೆ ಸಣ್ಣಗಾಗುತ್ತ ಬಂದಿರುವುದರಿಂದ ಮೇಲಿನ ಭಾರವನ್ನೂ ತಿರುವಿನಲ್ಲಿ ಬರುವ ಅಡ್ಡ ನೂಕನ್ನೂ ಒಟ್ಟಿಗೆ ತಡೆಯಬಲ್ಲವು. ಸೇಂಟ್ ಲೂಯಿ ಪಟ್ಟಣದ ಸಾರೋಟು ತಯಾರಕ ಹೆನ್ರಿ ಟಿಮ್ಕೆನ್ 1898ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಕುದುರೆ ಸಾರೋಟಿಗೆ ಹುಟ್ಟಿದ ಈ ವಿನ್ಯಾಸ ಮೂಲದಲ್ಲಿ ಇವತ್ತಿಗೂ ಬದಲಾಗಿಲ್ಲ. ಆತನ ಹೆಸರಿನ ಬೇರಿಂಗುಗಳು ನಮ್ಮ ಜಮ್‌ಶೆಡ್‌ಪುರದಲ್ಲೂ ತಯಾರಾಗುತ್ತವೆ.

ಎರಡು ಆಕ್ಸಲ್ಲಿನ, 6,000 ಪೌಂಡ್ ತೂಗುವ ಟ್ರೇಲರ್ ಒಂದನ್ನು ತೆಗೆದುಕೊಳ್ಳಿ. ಎಳೆಯುವ ಗಾಡಿಯ ಕೊಂಡಿಯ ಮೇಲೆ ಬೀಳುವ ನೂರಕ್ಕೆ ಹತ್ತು ಹನ್ನೆರಡು ಪಾಲನ್ನು ಕಳೆದರೆ ಒಂದೊಂದು ಚಕ್ರದ ಮೇಲೆ ಸುಮಾರು 600 ಕಿಲೋ ಕೂರುತ್ತದೆ. ಗಂಟೆಗೆ 65 ಮೈಲಿ ಓಡುವಾಗ ಚಕ್ರ ನಿಮಿಷಕ್ಕೆ 800 ಸುತ್ತಿನ ಆಚೀಚೆ ತಿರುಗುತ್ತಿರುತ್ತದೆ. ಆಕ್ಸಲ್ಲುಗಳೆರಡೂ ಹತ್ತಿರ ಹತ್ತಿರ ಇರುವುದರಿಂದ ಪೆಟ್ರೋಲ್ ಬಂಕಿನಲ್ಲಿ ಗಾಡಿಯನ್ನು ಇಕ್ಕಟ್ಟಿನಲ್ಲಿ ತಿರುಗಿಸುವಾಗ ಟೈರುಗಳು ನೆಲಕ್ಕೆ ಅಡ್ಡಡ್ಡ ಉಜ್ಜಿಕೊಂಡು ಹೋಗುತ್ತವೆ. ಆ ನೂಕೆಲ್ಲ ಬೇರಿಂಗಿನ ಪಾಲಿಗೆ. ಇಷ್ಟನ್ನೂ ಹೊತ್ತುಕೊಳ್ಳುವುದು ಅಂಗೈಯಲ್ಲಿ ಮುಚ್ಚಿಕೊಳ್ಳಬಹುದಾದ ಎರಡು ಬೇರಿಂಗುಗಳು, ಅವುಗಳ ರೋಲರುಗಳ ಮೇಲಿನ ಗ್ರೀಸಿನ ತೆಳು ಪೊರೆ.

ಇನ್ನು ನಿಪ್ಪಲ್ಲಿನ ವಿಚಾರ. ಹಬ್ಬಿನ ಮುಚ್ಚಳದ ನಡುವಿರುವ ರಬ್ಬರ್ ಬಿರಡೆ ತೆಗೆದರೆ ಸ್ಪಿಂಡಲ್ಲಿನ ತುದಿಯಲ್ಲಿ ಅದು ಕಾಣುತ್ತದೆ. ಡೆಕ್ಸ್ಟರ್ ಕಂಪನಿ ಇದಕ್ಕೆ ಈಜಿ ಲ್ಯೂಬ್ ಎಂದು ಹೆಸರಿಟ್ಟಿದೆ, ಲಿಪ್ಪರ್ಟ್ ಕಂಪನಿ ಸೂಪರ್ ಲ್ಯೂಬ್ ಎನ್ನುತ್ತದೆ. ಒತ್ತಿದ ಗ್ರೀಸ್ ಸ್ಪಿಂಡಲ್ಲಿನೊಳಗೆ ಕೊರೆದ ದಾರಿಯಲ್ಲಿ ಹಿಂದಕ್ಕೆ ಸಾಗಿ, ಒಳ ಬೇರಿಂಗಿಗೂ ಹಬ್ಬಿನ ಹಿಂಬದಿ ಮುಚ್ಚುವ ಆಯಿಲ್ ಸೀಲಿಗೂ ನಡುವೆ ಹೊರಬರುತ್ತದೆ. ಅಲ್ಲಿಂದ ಒಳ ಬೇರಿಂಗನ್ನು ಹಾಯ್ದು, ಎರಡು ಬೇರಿಂಗುಗಳ ನಡುವಿನ ಟೊಳ್ಳನ್ನೆಲ್ಲ ತುಂಬಿ, ಆಮೇಲೆ ಹೊರ ಬೇರಿಂಗಿನ ಮೂಲಕ ಮುಂದೆ ಬರಬೇಕು. ಆ ಟೊಳ್ಳು ಚಿಕ್ಕದಲ್ಲ. ಖಾಲಿ ಹಬ್ ಆದರೆ 14 ಔನ್ಸಿನ, ಅಂದರೆ 400 ಗ್ರಾಮಿನ, ಗ್ರೀಸ್ ಕಾರ್ಟ್ರಿಜ್ಜಿನ ಬಹುಪಾಲನ್ನು ಒಂದೇ ಚಕ್ರ ನುಂಗಬಲ್ಲದು. ಕೈಗನ್ನಿನ ಒಂದು ಒತ್ತಿಗೆ ಬರುವುದು ಒಂದು ಗ್ರಾಮಿನ ಆಸುಪಾಸು. ನಾಲ್ಕು ಸಲ ಒತ್ತಿದರೆ ನಾಲ್ಕು ಗ್ರಾಂ. ಟೊಳ್ಳು ಮೊದಲೇ ತುಂಬಿರದಿದ್ದರೆ ಆ ನಾಲ್ಕು ಗ್ರಾಂ ಒಳ ಬೇರಿಂಗಿನ ಮಗ್ಗುಲಲ್ಲೇ ಕುಳಿತುಬಿಡುತ್ತದೆ. ಹೊರ ಬೇರಿಂಗಿಗೆ ಚೂರೂ ಮುಟ್ಟುವುದಿಲ್ಲ. ಇತ್ತ ಮಾಲೀಕರು ಡೈರಿಯಲ್ಲಿ "ಬೇರಿಂಗ್ ಗ್ರೀಸ್ ಆಯಿತು" ಎಂದು ಬರೆದು ಟಿಕ್ ಹಾಕಿರುತ್ತಾರೆ.

ಹಾಗಾದರೆ ಧಾರಾಳವಾಗಿ ಹೊಡೆಯೋಣ, ಹಳೆಯದೆಲ್ಲ ಮುಂದಿನಿಂದ ಹೊರಬರುವವರೆಗೆ ಒತ್ತೋಣ ಎನ್ನುವ ಇನ್ನೊಂದು ಪಂಗಡವಿದೆ. ಇವರು ಮೊದಲಿನವರಿಗಿಂತ ಅಪಾಯ. ಚಕ್ರವನ್ನು ನೆಲದಿಂದ ಎತ್ತಿ, ಕೈಯಿಂದ ತಿರುಗಿಸುತ್ತ, ಕೈಗನ್ನಿನಲ್ಲಿ ನಿಧಾನವಾಗಿ ಒತ್ತುವುದು ಸರಿಯಾದ ಕ್ರಮ. ನಾನು ಕ್ಯಾಂಪ್‌ಗ್ರೌಂಡುಗಳಲ್ಲಿ ನೋಡಿರುವುದು ಬೇರೆಯೇ: ಚಕ್ರ ನೆಲದ ಮೇಲೇ ಇದೆ, ಕೈಯಲ್ಲಿ ಬ್ಯಾಟರಿ ಗನ್ನು, ಗುಂಡಿ ಅದುಮಿ ಹಿಡಿದರೆ ಗ್ರೀಸ್ ಧಾರೆ. ಒತ್ತಡ ಏರಿದಾಗ ಗ್ರೀಸಿಗೆ ಇರುವುದು ಎರಡೇ ದಾರಿ. ಮುಂದೆ ಹೋಗಬೇಕೆಂದರೆ ಎರಡು ಬೇರಿಂಗುಗಳ ಸಂದಿನಲ್ಲಿ ನುಸುಳಬೇಕು. ಹಿಂದೆ ಹೋಗಲು ರಬ್ಬರ್ ಸೀಲಿನ ತುಟಿಯೊಂದನ್ನು ಮಡಚಿದರಾಯಿತು. ಸೀಲಿನ ಆಚೆ ಇರುವುದೇ ಬ್ರೇಕು.

ಸ್ಯಾಕ್ರಮೆಂಟೊ ಕಡೆ ಇರುವ ಮೈಸೂರಿನ ಗೆಳೆಯರೊಬ್ಬರು ಬ್ರೇಕ್ ಹಾಕಿದರೆ ಟ್ರೇಲರ್ ಒಂದು ಕಡೆಗೆ ಎಳೆಯುತ್ತದೆ ಎಂದು ಕರೆದಿದ್ದರು. "ಬೇರಿಂಗ್ ಏನೂ ತೊಂದ್ರೆ ಇಲ್ಲ ಸಾರ್, ಮೊನ್ನೆ ತಾನೇ ಫುಲ್ ಗ್ರೀಸ್ ಹೊಡ್ದಿದ್ದೀನಿ" ಎಂದು ಮೊದಲೇ ಅಭಯ ಕೊಟ್ಟರು. ಹಬ್ಬಿಗೆ ಸೇರಿಕೊಂಡೇ ಇರುವ ಬ್ರೇಕ್ ಡ್ರಮ್ ಎಳೆದು ನೋಡಿದರೆ ಲೈನರು, ಸ್ಪ್ರಿಂಗು, ಮ್ಯಾಗ್ನೆಟ್ಟು ಯಾವುದೂ ಬೇರೆಬೇರೆಯಾಗಿ ಕಾಣದಂತೆ ಕೆಂಪು ಗ್ರೀಸ್ ಮೆತ್ತಿಕೊಂಡಿತ್ತು. "ಅಯ್ಯೋ, ಇಷ್ಟೂ ನಾನೇ ಹೊಡ್ದಿದ್ದಾ?" ಎಂದು ಅವರು ಅಲ್ಲೇ ನೆಲದ ಮೇಲೆ ಕುಳಿತರು. ಟ್ರೇಲರಿನದು ಎಲೆಕ್ಟ್ರಿಕ್ ಬ್ರೇಕು. ಕರೆಂಟು ಹರಿದಾಗ ಮ್ಯಾಗ್ನೆಟ್ ಡ್ರಮ್ಮಿಗೆ ಅಂಟಿ, ಅದರ ಎಳೆತಕ್ಕೆ ಲೈನರುಗಳು ಅಗಲವಾಗಿ ಡ್ರಮ್ಮನ್ನು ಒತ್ತುತ್ತವೆ. ಗ್ರೀಸ್ ಕುಡಿದ ಲೈನರನ್ನು ತೊಳೆದು ಮತ್ತೆ ಹಾಕುವಂತಿಲ್ಲ. ಆ ಆಕ್ಸಲ್ಲಿನ ಎರಡೂ ಬದಿಯವನ್ನು ಒಟ್ಟಿಗೆ ಬದಲಿಸಬೇಕು. ತಮಾಷೆಯೆಂದರೆ ಅವರ ಬೇರಿಂಗುಗಳು ಚೆನ್ನಾಗಿಯೇ ಇದ್ದವು. ಇಲ್ಲದ ಕಾಯಿಲೆಗೆ ಔಷಧಿ ಕುಡಿಸಿ ಇದ್ದ ಬ್ರೇಕು ಕಳೆದುಕೊಂಡಿದ್ದರು.

ಹಾಗಿದ್ದರೆ ಈ ನಿಪ್ಪಲ್ ಯಾರಿಗಾಗಿ? ದೋಣಿ ಸಾಗಿಸುವ ಟ್ರೇಲರುಗಳಿಗೆ ಅದರಿಂದ ನಿಜವಾದ ಉಪಯೋಗವಿದೆ. ದೂರದಿಂದ ಓಡಿ ಬಂದು ಬಿಸಿಯಾದ ಹಬ್ಬನ್ನು ಕೆರೆಯ ತಣ್ಣೀರಿಗೆ ಇಳಿಸಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಅಂಚಿನಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹಬ್ ಪೂರ್ತಿ ಗ್ರೀಸ್ ತುಂಬಿದ್ದರೆ ನೀರಿಗೆ ಜಾಗವಿರುವುದಿಲ್ಲ, ಹೊಕ್ಕ ನೀರನ್ನು ಹೊಸ ಗ್ರೀಸ್ ಹೊರಗೆ ತಳ್ಳಬಹುದು. ನಾನು ಕಂಡ ಯಾವ ಟ್ರಾವೆಲ್ ಟ್ರೇಲರೂ ಕೆರೆಗೆ ಇಳಿದಿಲ್ಲ. ದೋಣಿಯ ಅಗತ್ಯಕ್ಕೆ ಒದಗುವ ಅನುಕೂಲವನ್ನು ಮನೆಗಾಡಿಯ ಮಾರಾಟಗಾರರು "ಬಿಚ್ಚುವುದೇ ಬೇಡ" ಎಂಬ ಭರವಸೆಯಾಗಿ ಮಾರಿದರು, ಜನ ಕೊಂಡರು. ನಿಪ್ಪಲ್ ಇಡುವ ಡೆಕ್ಸ್ಟರ್ ಕಂಪನಿಯ ಕೈಪಿಡಿ ಮಾತ್ರ ಅಂಥ ಭರವಸೆ ಕೊಡುವುದಿಲ್ಲ. 12 ತಿಂಗಳು ಅಥವಾ 12,000 ಮೈಲಿ, ಯಾವುದು ಮೊದಲೋ ಆಗ ಬೇರಿಂಗನ್ನು ನೋಡಬೇಕು, ಈ ಅನುಕೂಲ ಆ ತಪಾಸಣೆಗೆ ಬದಲಿಯಾಗದು ಎಂದೇ ಅದರ ನಿಲುವು. ಕೈಪಿಡಿ ಟ್ರೇಲರಿನ ಡ್ರಾಯರಿನಲ್ಲಿ ಪ್ಲಾಸ್ಟಿಕ್ ಚೀಲ ಹರಿಯದೆ ಮಲಗಿರುತ್ತದೆ.

ನಮ್ಮ ಎತ್ತಿನಗಾಡಿಯವರು ಇದನ್ನು ಯಾವ ಕೈಪಿಡಿಯೂ ಇಲ್ಲದೆ ಬಲ್ಲವರಾಗಿದ್ದರು. ಗಾಡಿಯ ಕೆಳಗೆ ಕೀಲೆಣ್ಣೆಯ ಗೊಟ್ಟ ತೂಗಾಡುತ್ತಿತ್ತು. ಕೀಲೆಣ್ಣೆ ಹಾಕುವುದೆಂದರೆ ಗಾಡಿಗೆ ಆನಿಕೆ ಕೊಟ್ಟು, ಕಡಾಣಿ ಕಿತ್ತು, ಚಕ್ರವನ್ನು ಅಚ್ಚಿನ ಮೇಲೆ ಹೊರಕ್ಕೆ ಸರಿಸಿ, ಹಳೆಯ ಕಪ್ಪು ಜಿಡ್ಡನ್ನು ಒರೆಸಿ, ಅಚ್ಚು ಎಲ್ಲಿ ಸವೆದಿದೆ, ಗುಂಬದೊಳಗಿನ ಬಳೆ ಸಡಿಲವಾಗಿದೆಯೇ ನೋಡಿ, ಆಮೇಲೆ ಹೊಸದು ಬಳಿಯುವುದು. ನೋಡದೆ ಬಳಿಯುವ ಉಪಾಯವೇ ಅಲ್ಲಿರಲಿಲ್ಲ. ಮಂಡ್ಯದ ಕಡೆ ಕಬ್ಬಿನ ಟ್ರೇಲರುಗಳ ಮೆಕ್ಯಾನಿಕ್ಕುಗಳು ಕಬ್ಬು ಅರೆಯುವ ಹಂಗಾಮಿಗೆ ಮೊದಲು ಹಬ್ ಇಳಿಸಿ, ಬೇರಿಂಗನ್ನು ಡೀಸೆಲ್ಲಿನಲ್ಲಿ ತೊಳೆದು ಬೆಳಕಿಗೆ ಹಿಡಿದು ನೋಡುವುದನ್ನೂ ಕಂಡಿದ್ದೇನೆ. ನೋಡದೇ ಇರುವ ಅನುಕೂಲ ನಮಗೆ ಸಿಕ್ಕಿದ್ದು ಎಂಜಿನಿಯರುಗಳ ಕೃಪೆ.

ನೋಡಿದರೆ ಏನು ಕಾಣುತ್ತದೆ? ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ನಿಪ್ಪಲ್ ಪಕ್ಷದವರು ಕಳೆದುಕೊಳ್ಳುತ್ತಿರುವುದು ಇದನ್ನೇ. ಗಾಡಿಯನ್ನು ಎಳೆಯುವ ವಾಹನಕ್ಕೆ ಕಟ್ಟಿಯೇ ಇಟ್ಟು, ಉಳಿದ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಚಾಸಿಸ್ಸಿಗೆ ಜ್ಯಾಕ್ ಹಾಕಬೇಕು. ಆಕ್ಸಲ್ಲಿಗೆ ಜ್ಯಾಕ್ ಹಾಕಿದರೆ ಅದು ಬಾಗಬಹುದು. ಎತ್ತಿದ ಮೇಲೆ ಚಾಸಿಸ್ಸಿನ ಕೆಳಗೆ ಸ್ಟ್ಯಾಂಡ್ ಕೊಡದೆ ಚಕ್ರ ಮುಟ್ಟಬಾರದು. ಟೈರು ತೆಗೆದು, ಮುಚ್ಚಳ ಎಬ್ಬಿಸಿ, ಸ್ಪ್ಲಿಟ್ ಪಿನ್ ನೇರ ಮಾಡಿ ಎಳೆದು, ಕ್ಯಾಸಲ್ ನಟ್ ಮತ್ತು ವಾಷರ್ ಬಿಚ್ಚಿ, ಡ್ರಮ್ಮನ್ನು ತುಸು ಮುಂದಕ್ಕೆ ಅಲುಗಿಸಿದರೆ ಹೊರ ಬೇರಿಂಗ್ ಜಾರಿ ಅಂಗೈಗೆ ಬರುತ್ತದೆ. ಡ್ರಮ್ ಎಳೆದು ಮಗುಚಿ, ಹಿಂದಿನ ಸೀಲನ್ನು ಮೀಟಿ ಕಿತ್ತರೆ ಒಳ ಬೇರಿಂಗು. ಕಿತ್ತ ಸೀಲು ಮತ್ತೆ ಕೆಲಸಕ್ಕೆ ಬಾರದು, ಹೊಸದೇ ಹಾಕಬೇಕು.

ಎರಡನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಒಂದೊಂದೇ ರೋಲರನ್ನು ಹೆಬ್ಬೆರಳಿನಲ್ಲಿ ಉರುಳಿಸುತ್ತ ನೋಡಿ. ಗಾಳಿ ಪೈಪು ಹಿಡಿದು ಗಿರಗಿರ ತಿರುಗಿಸುವ ಚಟ ಬೇಡ, ರೋಲರುಗಳನ್ನು ಹಿಡಿದಿಡುವ ಕೇಜ್ ಒಡೆದು ಅವು ಮುಖಕ್ಕೆ ಸಿಡಿಯಬಹುದು. ಒಳ್ಳೆಯ ರೋಲರು ಬೆಳ್ಳಗೆ ಒಂದೇ ಸಮ ಹೊಳೆಯುತ್ತದೆ. ಒಣಹುಲ್ಲಿನ ಬಣ್ಣವೋ ನೀಲಿಯೋ ತಿರುಗಿದ್ದರೆ ಅದು ಬಿಸಿ ಕಂಡಿದೆ. ಉಕ್ಕಿನ ಮೇಲ್ಪದರ ಚಕ್ಕೆಯೆದ್ದು ಗುಳಿ ಬಿದ್ದಿದ್ದರೆ ಅದರ ಆಯುಸ್ಸು ಮುಗಿದಿದೆ. ಹಬ್ಬಿನೊಳಗೆ ಕೂತಿರುವ ಹೊರಬಳೆಯ ಮೇಲೆ ರೋಲರುಗಳ ಅಂತರಕ್ಕೆ ಸರಿಯಾಗಿ ಕಪ್ಪು ಗೆರೆಗಳು ಮೂಡಿದ್ದರೆ, ಗಾಡಿ ನಿಂತಿದ್ದಾಗ ತೇವ ಸೇರಿ ಉಕ್ಕನ್ನು ತಿಂದಿದೆ ಎಂದರ್ಥ. ಅಲ್ಲಿ ಉಗುರು ಎಳೆದರೆ ಗೆರೆಗೆರೆಗೂ ತಡೆಯುತ್ತದೆ. ಈ ಯಾವ ಗುರುತೂ ಹೊರಗಿನಿಂದ ಕಾಣುವುದಿಲ್ಲ, ಇವು ಯಾವುದನ್ನೂ ಗ್ರೀಸ್ ವಾಸಿ ಮಾಡುವುದಿಲ್ಲ. ಗುಳಿ ಬಿದ್ದ ಬೇರಿಂಗಿಗೆ ಎಷ್ಟು ಹೊಸ ಗ್ರೀಸ್ ಹೊಡೆದರೂ ಅದು ಗುಳಿ ಬಿದ್ದ ಬೇರಿಂಗೇ. ಹೊಸದು ಹಾಕುವಾಗ ರೋಲರುಗಳಿರುವ ಒಳಗಿನ ಕೋನು, ಹೊರಬಳೆ ಎರಡೂ ಜೋಡಿಯಾಗಿಯೇ ಬದಲಾಗಬೇಕು. 3,500 ಪೌಂಡ್ ಆಕ್ಸಲ್ಲುಗಳಲ್ಲಿ ಸಾಮಾನ್ಯವಾಗಿ ಕಾಣುವ ಹೊರ ಬೇರಿಂಗ್ ಎಲ್44649ಕ್ಕೆ ಎಲ್44610, ಒಳಗಿನ ಎಲ್68149ಕ್ಕೆ ಎಲ್68111. ಆಮೇಲೆ ಅಂಗೈಯಲ್ಲಿ ಗ್ರೀಸ್ ಮುದ್ದೆಯಿಟ್ಟುಕೊಂಡು ಬೇರಿಂಗಿನ ಅಗಲದ ಅಂಚನ್ನು ಅದಕ್ಕೆ ಕುಟ್ಟುತ್ತ ಹೋದರೆ ಮೇಲಿನ ಸಣ್ಣ ಅಂಚಿನಿಂದ ಗ್ರೀಸ್ ಒಸರುತ್ತದೆ. ಸುತ್ತಲೂ ಒಸರಿದರೆ ಬೇರಿಂಗ್ ತುಂಬಿದೆ. ಇದಕ್ಕಿಂತ ಖಾತ್ರಿಯ ವಿಧಾನ ನಾನು ನೋಡಿಲ್ಲ.

ಗ್ರೀಸಿನ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಕಾರ್ಖಾನೆಯಲ್ಲಿ ಹಾಕಿದ್ದು ಯಾವುದು, ಹಿಂದಿನ ಮಾಲೀಕ ಹೊಡೆದದ್ದು ಯಾವುದು ಎಂದು ಗೊತ್ತಿಲ್ಲದೆ ಅದರ ಮೇಲೆ ಇನ್ನೊಂದನ್ನು ಒತ್ತುವುದು ಜೂಜು. ಲಿಥಿಯಂ ಕಾಂಪ್ಲೆಕ್ಸ್ ಗ್ರೀಸಿಗೆ ಪಾಲಿಯೂರಿಯಾ ಅಥವಾ ಜೇಡಿಯಿಂದ ಮಾಡಿದ ಗ್ರೀಸ್ ಬೆರೆತರೆ ಎರಡೂ ನೀರಾಗಿ ಸೋರಿಹೋಗಬಹುದು. ಕೆಂಪು, ನೀಲಿ ಎಂಬ ಬಣ್ಣ ಬರಿಯ ಬಣ್ಣ, ಅದರಿಂದ ಜಾತಿ ತಿಳಿಯದು. ಡಬ್ಬಿಯ ಮೇಲೆ ಎನ್‌ಎಲ್‌ಜಿಐ ಸಂಸ್ಥೆಯ ಜಿಸಿ-ಎಲ್‌ಬಿ ಗುರುತು ಇರುವ ಎರಡನೇ ನಂಬರಿನ ಗ್ರೀಸ್ ಕೊಳ್ಳಿ. ತೊಳೆದ ಬೇರಿಂಗಿಗೆ ಒಂದೇ ಗ್ರೀಸ್ ಹಾಕಿದರೆ ಈ ತಲೆನೋವೇ ಇಲ್ಲ.

ಎದುರಾಳಿಗಳ ಮಾತನ್ನೂ ಕೇಳೋಣ. "ನನ್ನ ಹೋಂಡಾ ಒಂದೂವರೆ ಲಕ್ಷ ಮೈಲಿ ಓಡಿದೆ, ಒಂದು ದಿನವೂ ಬೇರಿಂಗ್ ಬಿಚ್ಚಿಲ್ಲ" ಎಂಬುದು ಸಾಫ್ಟ್‌ವೇರ್ ಮಿತ್ರರ ಅಚ್ಚುಮೆಚ್ಚಿನ ವಾದ. ಇವತ್ತಿನ ಕಾರಿನಲ್ಲಿರುವುದು ಕಾರ್ಖಾನೆಯಲ್ಲೇ ಬಿಗಿತ ಹೊಂದಿಸಿ ಮುಚ್ಚಿದ ಹಬ್ ಯೂನಿಟ್. ಟ್ರೇಲರಿನದು ಸಡಿಲ ಭಾಗಗಳನ್ನು ಒಂದು ನಟ್ಟಿನಿಂದ ಹೊಂದಿಸಿದ ಜೋಡಣೆ. ಮೇಲಾಗಿ ಕಾರು ದಿನಾ ಓಡುತ್ತದೆ. ಟ್ರೇಲರ್ ವರ್ಷದ ಬಹುಕಾಲ ನಿಂತಿರುತ್ತದೆ. ರೋಲರುಗಳು ಅದೇ ಜಾಗವನ್ನು ಒತ್ತಿಕೊಂಡಿರುತ್ತವೆ, ಹಗಲಿರುಳಿನ ಬಿಸಿತಂಪಿಗೆ ಹಬ್ಬಿನೊಳಗೆ ತೇವ ಕೂರುತ್ತದೆ, ಗ್ರೀಸಿನ ಎಣ್ಣೆ ಬೇರ್ಪಟ್ಟು ಕೆಳಗಿಳಿಯುತ್ತದೆ. "ವರ್ಷಕ್ಕೆ ಎರಡು ಸಾವಿರ ಮೈಲಿ ಓಡಿಸುತ್ತೇನೆ, ಹನ್ನೆರಡು ಸಾವಿರ ಆಗಲು ಆರು ವರ್ಷ ಬೇಕು" ಎಂಬ ಲೆಕ್ಕಕ್ಕೂ ಇದೇ ಉತ್ತರ. ಟ್ರೇಲರಿನ ಬೇರಿಂಗನ್ನು ಓಟಕ್ಕಿಂತ ಹೆಚ್ಚಾಗಿ ಕೆಡಿಸುವುದು ನಿಲುಗಡೆ. ಸೀಲ್ ಮಾಡಿದ ಕಾರ್ಟ್ರಿಜ್ ಬೇರಿಂಗಿನ ಟ್ರೇಲರ್ ಆಕ್ಸಲ್ಲುಗಳೂ ಉಂಟು; ಅವು ಗ್ರೀಸ್ ಹಾಕುವ ಜಾತಿಯವಲ್ಲ, ನನ್ನ ಮಾತು ಅವುಗಳಿಗೆ ಅನ್ವಯಿಸುವುದಿಲ್ಲ.

"ಚೀನಾ ಬೇರಿಂಗ್ ಕಿತ್ತೆಸೆದು ಟಿಮ್ಕೆನ್ ಹಾಕಿ ಮರೆತುಬಿಡಿ" ಎನ್ನುವವರಿದ್ದಾರೆ. ಕಿತ್ತೆಸೆಯುವುದಕ್ಕೆ ನನ್ನ ತಕರಾರಿಲ್ಲ. ಮರೆತುಬಿಡುವುದಕ್ಕೆ ಇದೆ. ನೀರು ಹೊಕ್ಕರೆ ಟಿಮ್ಕೆನ್ನಿನ ಉಕ್ಕೂ ತುಕ್ಕು ಹಿಡಿಯುತ್ತದೆ. "ಪ್ರತಿ ನಿಲುಗಡೆಯಲ್ಲೂ ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ಹಬ್ ಬಿಸಿ ನೋಡುತ್ತೇನೆ" ಎನ್ನುವವರು ಒಳ್ಳೆಯ ಅಭ್ಯಾಸವನ್ನೇ ಇಟ್ಟುಕೊಂಡಿದ್ದಾರೆ. ನಾಲ್ಕರಲ್ಲಿ ಒಂದು ಮಾತ್ರ ಉಳಿದವುಗಳಿಗಿಂತ ಬಹಳ ಬಿಸಿಯಾಗಿದ್ದರೆ ಅಲ್ಲೇನೋ ಎಡವಟ್ಟಾಗಿದೆ, ಬೇರಿಂಗೋ ಕಚ್ಚಿಕೊಂಡ ಬ್ರೇಕೋ. ಆದರೆ ಬಿಸಿ ಕೊನೆಯ ಹಂತದ ಲಕ್ಷಣ. ಅಷ್ಟು ಹೊತ್ತಿಗೆ ರೋಲರಿನ ಮೈ ಹೋಗಿಯಾಗಿರುತ್ತದೆ, ನೀವು ಮನೆಯಿಂದ ಮುನ್ನೂರು ಮೈಲಿ ದೂರದಲ್ಲಿರುತ್ತೀರಿ.

ಒಂದು ಆಕ್ಷೇಪವನ್ನು ಮಾತ್ರ ಗೌರವದಿಂದ ಕೇಳಬೇಕು. ಬಿಚ್ಚಿದಾಗಲೇ ಹಾಳಾಗುವುದು ಹೆಚ್ಚು ಎನ್ನುತ್ತಾರೆ. ಇದರಲ್ಲಿ ಸತ್ಯವಿದೆ. ಮಣ್ಣು ಮೆತ್ತಿದ ಕೈಯಲ್ಲಿ ಬೇರಿಂಗ್ ಹಿಡಿದವರು, ಹಳೆಯ ಸೀಲನ್ನೇ ಸುತ್ತಿಗೆಯಲ್ಲಿ ಬಡಿದು ಕೂರಿಸಿದವರು, ಸ್ಪಿಂಡಲ್ ನಟ್ಟನ್ನು ಟೈರಿನ ನಟ್ಟಿನಂತೆ ಜೀವ ಬಿಟ್ಟು ಬಿಗಿದವರು ಬಿಚ್ಚದೇ ಇದ್ದಿದ್ದರೆ ಚೆನ್ನಾಗಿತ್ತು. ಟೇಪರ್ ಬೇರಿಂಗಿಗೆ ಕೂದಲೆಳೆಯಷ್ಟು ಆಟ ಬೇಕು. ಡ್ರಮ್ ತಿರುಗಿಸುತ್ತಲೇ ನಟ್ಟನ್ನು 50 ಪೌಂಡ್-ಅಡಿಯವರೆಗೆ ಬಿಗಿದು ಎಲ್ಲವನ್ನೂ ಕೂರಿಸಬೇಕು. ಆಮೇಲೆ ಡ್ರಮ್ ಅಲುಗಿಸದೆ ನಟ್ಟನ್ನು ಸಡಿಲಿಸಿ, ಬೆರಳಿನಲ್ಲೇ ತಿರುಗಿಸಿ ತಾಕಿದಲ್ಲಿ ನಿಲ್ಲಿಸಿ, ಸ್ಪ್ಲಿಟ್ ಪಿನ್ ಹಾಕಬೇಕು. ಬಿಗಿಯಾಗಿದ್ದರೆ ಸುರಕ್ಷಿತ ಎಂಬ ಎಣಿಕೆ ಇಲ್ಲಿ ತಲೆಕೆಳಗು. ಇದು ಕಲಿಯಬಹುದಾದ ಕೆಲಸ. ಒಂದು ಮಧ್ಯಾಹ್ನ ಗೊತ್ತಿದ್ದವರ ಜೊತೆ ನಿಂತರೆ ಬರುತ್ತದೆ. ಕೆಟ್ಟದಾಗಿ ಮಾಡುವವರಿದ್ದಾರೆ ಎಂಬ ಕಾರಣಕ್ಕೆ ಕೆಲಸವನ್ನೇ ಕೈಬಿಡಿ ಎನ್ನುವುದು ತರ್ಕವಲ್ಲ. ಹಲ್ಲು ಕೀಳುವವರಲ್ಲಿ ಅಡ್ಡಕಸಬಿಗಳಿದ್ದಾರೆಂದು ನಾವು ಬಾಯಿ ತೆರೆಯುವುದನ್ನು ಬಿಟ್ಟಿಲ್ಲ.

ನಿಪ್ಪಲ್ ನಂಬಿಕೆಯಿಂದ ಲಾಭ ಮಾಡಿಕೊಂಡವರೂ ಇದ್ದಾರೆ. ವರ್ಕ್‌ಶಾಪೊಂದು ನನ್ನ ಟ್ರೇಲರಿಗೆ ನಾಲ್ಕೂ ಚಕ್ರದ ಬೇರಿಂಗ್ ರೀಪ್ಯಾಕ್, ಅಂದರೆ ಬಿಚ್ಚಿ ತೊಳೆದು ಹೊಸ ಗ್ರೀಸ್ ತುಂಬುವ ಕೆಲಸ, ಮಾಡಿದ್ದೇವೆಂದು ಪೂರ್ತಿ ಬಿಲ್ ಕೊಟ್ಟಿತ್ತು. ಮನೆಗೆ ತಂದು ಮುಚ್ಚಳ ತೆಗೆದರೆ ಸ್ಪ್ಲಿಟ್ ಪಿನ್ನಿನ ಕಾಲುಗಳಲ್ಲಿ ಹಳೆಯ ತುಕ್ಕು ಹಾಗೇ ಇತ್ತು, ನಿಪ್ಪಲ್ಲಿನ ಮೂತಿಯಲ್ಲಿ ಮಾತ್ರ ಹೊಸ ಗ್ರೀಸಿನ ಚುಕ್ಕೆ. ಕೇಳಿದ್ದಕ್ಕೆ ಕೌಂಟರಿನವರು ಕಣ್ಣು ಮಿಟುಕಿಸದೆ "ಎರಡೂ ಒಂದೇ ಸರ್" ಎಂದರು. ಗ್ರಾಹಕರೆಲ್ಲ ಎರಡೂ ಒಂದೇ ಎಂದು ನಂಬಿರುವಾಗ ಅಂಗಡಿಯವರು ಬೇರೆ ಏನು ತಾನೇ ಹೇಳಿಯಾರು?

ಸರ್ಕಾರ ನೋಡಿಕೊಳ್ಳುತ್ತದೆ ಎಂದು ಕೂರುವಂತೆಯೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಟ್ರೇಲರುಗಳಿಗೆ ವಾರ್ಷಿಕ ಸುರಕ್ಷತಾ ತಪಾಸಣೆಯೇ ಇಲ್ಲ. ಟೆಕ್ಸಸ್ ರಾಜ್ಯ ಇದ್ದದ್ದನ್ನೂ 2025ರ ಜನವರಿಯಿಂದ ವಾಣಿಜ್ಯೇತರ ವಾಹನಗಳಿಗೆ ತೆಗೆದುಹಾಕಿತು. ಹಾಗಾಗಿ ಹಬ್ಬಿನೊಳಗೆ ಇಣುಕಿ ನೋಡುವ ಹೊಣೆ ಮಾಲೀಕನೊಬ್ಬನದೇ. ಅವನೂ ನಿಪ್ಪಲ್ಲಿಗೆ ಕೈಮುಗಿದು ಕುಳಿತರೆ ಗಾಡಿ ಮಾರಾಟವಾಗುವವರೆಗೆ ಯಾರೂ ನೋಡುವುದಿಲ್ಲ. ಮಾರಾಟವಾದ ಮೇಲೆ ಕೊಂಡವನೂ ನೋಡುವುದಿಲ್ಲ, ಏಕೆಂದರೆ "ವರ್ಷವರ್ಷವೂ ಗ್ರೀಸ್ ಹೊಡೆದಿದ್ದೇನೆ" ಎಂದು ಮಾರಿದವನು ಆಣೆ ಮಾಡಿರುತ್ತಾನೆ. ಸುಳ್ಳೇನೂ ಅಲ್ಲ, ಹೊಡೆದಿರುತ್ತಾನೆ.

ಬೇರಿಂಗ್ ಸಾಯುವ ಬಗೆ ಯಾವಾಗಲೂ ಹೆಚ್ಚೂಕಡಿಮೆ ಒಂದೇ. ಗುಳಿ ಬಿದ್ದ ರೋಲರು ಗ್ರೀಸಿನಲ್ಲಿ ಉಕ್ಕಿನ ಪುಡಿ ಕಲೆಸುತ್ತದೆ. ಪುಡಿ ಉಳಿದ ರೋಲರುಗಳನ್ನು ಕೊರೆಯುತ್ತದೆ. ಕೇಜ್ ಒಡೆದು ರೋಲರುಗಳು ಒಂದರ ಮೇಲೊಂದು ಏರುತ್ತವೆ, ಗ್ರೀಸ್ ಸುಟ್ಟು ಹೊಗೆಯಾಗುತ್ತದೆ, ಕೋನು ಕಾದು ಸ್ಪಿಂಡಲ್ಲಿಗೆ ಬೆಸೆದುಕೊಳ್ಳುತ್ತದೆ. ಕೊನೆಗೆ ಪಿನ್ ತುಂಡಾಗಿ ನಟ್ ಬಿಚ್ಚಿಕೊಂಡರೆ ಚಕ್ರ ಡ್ರಮ್ಮಿನ ಸಮೇತ ಗಾಡಿ ಬಿಟ್ಟು ಹೊರಡುತ್ತದೆ. ಎರಡು ಆಕ್ಸಲ್ಲಿನ ಟ್ರೇಲರಿನಲ್ಲಿ ಒಂದು ಚಕ್ರ ಹೋದರೂ ಉಳಿದ ಮೂರರ ಮೇಲೆ ಗಾಡಿ ಓಡುತ್ತಲೇ ಇರಬಹುದು. ಮುಂದೆ ಕುಳಿತ ಚಾಲಕನಿಗೆ ಹಿಂದಿನವರು ಹಾರ್ನ್ ಹೊಡೆದು ಕೈ ಬೀಸುವವರೆಗೆ ತಿಳಿಯದೆಯೂ ಇರಬಹುದು. ತಾಹೋ ಸರೋವರ ನೋಡಿಕೊಂಡು ಇಂಟರ್‌ಸ್ಟೇಟ್ 80ರಲ್ಲಿ 7,239 ಅಡಿ ಎತ್ತರದ ಡಾನರ್ ಸಮ್ಮಿಟ್ ದಾಟಿ ಸ್ಯಾಕ್ರಮೆಂಟೊ ಕಡೆ ಇಳಿಯುವ ದಾರಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಇಳಿಜಾರಿನುದ್ದಕ್ಕೂ ಬ್ರೇಕಿನ ಕಾವು ಡ್ರಮ್ಮಿನಿಂದ ಹಬ್ಬಿಗೆ ಇಳಿಯುತ್ತಿರುತ್ತದೆ, ಎದುರಿನಿಂದ ಸಾಲುಸಾಲು ಲಾರಿ, ಕಾರು. ಕಳಚಿಕೊಂಡ ಚಕ್ರ ಯಾರ ಗಾಜಿಗೆ ಬಡಿಯುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಟ್ರೇಲರ್ ನಮ್ಮದು, ಬೇರಿಂಗ್ ನಮ್ಮದು, ನಮ್ಮಿಷ್ಟ ಎನ್ನುವವರು ಇದಕ್ಕೆ ಉತ್ತರ ಹೇಳಬೇಕು.

ಟ್ರೇಲರ್ ಕೊಂಡ ಮೇಲೆ ಒಮ್ಮೆಯೂ ಡ್ರಮ್ ಎಳೆಯದ ಓದುಗರಲ್ಲಿ ಒಂದು ವಿನಂತಿ. ಚಳಿಗಾಲಕ್ಕೆ ಗಾಡಿ ನಿಲ್ಲಿಸುವ ಮುನ್ನ ನಾಲ್ಕೂ ಹಬ್ ಬಿಚ್ಚಿ ನೋಡಿ. ನಿಮ್ಮಿಂದ ಆಗದಿದ್ದರೆ ವರ್ಕ್‌ಶಾಪಿಗೆ ಕೊಡಿ, ಆದರೆ ಕೊಡುವಾಗಲೇ "ತೆಗೆದ ಹಳೆಯ ಸೀಲುಗಳು ನನಗೆ ಬೇಕು" ಎಂದು ಹೇಳಿಬಿಡಿ. ಸೀಲು ಕೀಳದೆ ಒಳ ಬೇರಿಂಗ್ ಹೊರಬರುವುದಿಲ್ಲ. ನಾಲ್ಕು ಚಕ್ರಕ್ಕೆ ನಾಲ್ಕು ಹಳೆಯ ಸೀಲು ಎಣಿಸಿಕೊಡಲಾಗದವರು ನಿಮ್ಮ ಹಬ್ ಬಿಚ್ಚಿಯೇ ಇಲ್ಲ. ಅವರಿಗೆ ರೀಪ್ಯಾಕಿನ ದುಡ್ಡು ಕೊಡಬೇಡಿ.